ಭೂಗೋಳ ಕಲಿಸಿದ ವೈನಿ ಸಮುದ್ರಕ್ಕೆ ಹೊರಟದ್ದು

ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದರು. ಅವರು ಕಲಿಸಿದ ಮೊದಲ ಹುಡುಗರಲ್ಲಿ ನಾನೂ ಒಬ್ಬ, ಆದರೆ ನಾನು ಕಲಿತದ್ದು ಶಾಲೆಯಲ್ಲಲ್ಲ, ಅವರ ಅಡಿಗೆಮನೆಯಲ್ಲಿ. ಬೀದರ ಜಿಲ್ಲೆಯ ನಮ್ಮ ಊರಲ್ಲಿ ಎಂಟನೇ ಇಯತ್ತೆ ಮುಗಿಸಿ ಮುಂದೆ ಓದಲು ಅಣ್ಣನ ಮನೆಗೆ ಬಂದಿದ್ದೆ. ಅಣ್ಣ ಆಗಷ್ಟೇ ಸಂಭಾಜಿನಗರದ ಹಳೆಯ ಧಾನ್ಯದ ಮಾರ್ಕೆಟ್ಟಿನಲ್ಲಿ, ಅಲ್ಲಿನವರು ಮೊಂಢಾ ಅನ್ನುವ ಕಡೆ, ಬೀಜದ ಅಂಗಡಿ ಹಾಕಿದ್ದ. ವೈನಿ ಹಗಲೆಲ್ಲ ಶಾಲೆಯಲ್ಲಿ ಮರಾಠಿಯಲ್ಲಿ ಕಲಿಸಿ ಬಂದು, ಸಂಜೆ ಅದನ್ನೇ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

ಸಮುದ್ರದ ಭರತ ಇಳಿತ ನನಗೆ ತಿಳಿದದ್ದು ಕಲಸಿದ ಹಿಟ್ಟಿನಿಂದ. ಕಿಡಕಿಯಿಂದ ಬೀಳುವ ಬಿಸಿಲೇ ಸೂರ್ಯ. ಹಿಟ್ಟಿನ ಉಂಡೆ ಭೂಮಿ. ಒಂದು ಬೆಳ್ಳುಳ್ಳಿ ಗಡ್ಡೆ ಚಂದ್ರ. ವೈನಿ ಬೆಳ್ಳುಳ್ಳಿಯನ್ನು ಉಂಡೆಯ ಎದುರಿಗೆ ಹಿಡಿದು, ಉಂಡೆಯನ್ನು ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಎಳೆದು ತೋರಿಸುತ್ತಿದ್ದರು. ನೀರು ಹೀಂಗ ಉಬ್ಬತದ ನೋಡು, ಅನ್ನುತ್ತಿದ್ದರು. ಆಮೇಲೆ ಅದೇ ಭೂಮಿಯನ್ನು ಲಟ್ಟಿಸಿ, ಹೆಂಚಿಗೆ ಹಾಕಿ, ನನ್ನ ತಾಟಿಗೇ ಬಡಿಸುತ್ತಿದ್ದರು.

ಮುಂದೆ ನಾನು ನಾಸಿಕಕ್ಕೆ ಹೋದೆ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿ ಸೇರಿ, ಮದುವೆಯಾಗಿ, ಅಲ್ಲೇ ಮನೆ ಮಾಡಿದೆ. ಒಬ್ಬಳೇ ಮಗಳು. ಅವಳಿಗೆ ನಮ್ಮ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ದೀಪಾವಳಿಗೆ ನಾವು ಮೂವರೂ ಯೇವಲಾ ಮೇಲಿಂದ ಅಣ್ಣನ ಮನೆಗೆ ಹೋಗುವುದು ರೂಢಿ.

ಹಿಂದಿನ ದೀಪಾವಳಿಯಲ್ಲಿ ವೈನಿ ಚಕ್ಕುಲಿ ಕರಿಯುತ್ತ ಕೂತಿದ್ದರು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮಗಳು ಪಕ್ಕದಲ್ಲಿ ಕೂತು, ಕಾಲೇಜಿನವರು ಕೊಂಕಣಕ್ಕೆ ಕರೆದುಕೊಂಡು ಹೋದಾಗ ತೆಗೆದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಕಾಕು, ನಿಮಗೆ ಯಾವ ಊರಿನ ಸಮುದ್ರ ಎಲ್ಲಕ್ಕಿಂತ ಚಂದ ಅನ್ನಿಸಿತು ಎಂದು ಕೇಳಿದಳು. ನಾನು ಇನ್ನೂ ಯಾವುದನ್ನೂ ನೋಡಿಲ್ಲವಲ್ಲ ಎಂದರು ವೈನಿ, ಝಾರಿಯಿಂದ ಚಕ್ಕುಲಿ ತಿರುವುತ್ತ. ಮಗಳು ಚೇಷ್ಟೆ ಎಂದುಕೊಂಡು ನಕ್ಕಳು. ನಾನು ಬಾಗಿಲಲ್ಲೇ ನಿಂತೆ.

"ಖರೇನ ಹೇಳ್ಲಿಕತ್ತೀರೇನ್ರಿ ವೈನಿ?"

"ಯಾವಾಗ ಹೋಗೂದಿತ್ತೋ? ಬ್ಯಾಸಿಗಿ ಬಂತಂದ್ರ ಪೇಪರ್ ತಪಾಸೋದು. ಅದು ಮುಗೀತಂದ್ರ ನಿಮ್ಮ ಅಣ್ಣನ ಬೀಜದ ಸೀಜನ್ನು. ಸಾಲಿ ಹುಡುಗರ ಸಹಲ್ ಅಂದ್ರ ಪ್ರತಿ ವರ್ಷ ವೇರೂಳದ ಗವಿ ನೋಡ್ಲಿಕ್ಕೇ ಹೋಗತಿತ್ತು."

ದುಃಖವೇನೂ ಇರಲಿಲ್ಲ ಅವರ ದನಿಯಲ್ಲಿ. ಆದರೆ ನನಗೆ ಆ ದಿನ ಊಟ ರುಚಿಸಲಿಲ್ಲ. ಕಾರ್ಖಾನೆಯವರು ಟ್ರೇನಿಂಗಿಗೆ ಮುಂಬಯಿಗೆ ಕಳಿಸಿದಾಗ ನಾನು ಮೊದಲ ಸಲ ಸಮುದ್ರ ನೋಡಿದ್ದೆ. ಗುರುತಿನವರನ್ನು ನೋಡಿದಂತೆ ಆಗಿತ್ತು, ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು ವೈನಿ. ನೋಡದೆಯೇ ಹೇಳಿದ್ದರು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ.

ಮೇ ತಿಂಗಳಲ್ಲಿ ನಾಲ್ಕು ದಿನ ಕಾರಿನಲ್ಲಿ ಹೋಗುವುದು ಎಂದು ಅಲ್ಲೇ ತೀರ್ಮಾನ ಮಾಡಿದೆ. ಅಣ್ಣ ಬರುವುದಿಲ್ಲ ಎಂದ. ಮಳೆಗೆ ಮುಂಚೆ ಸಿಲ್ಲೋಡ್ ಕಡೆಯ ರೈತರು ಹತ್ತಿ, ಮೆಕ್ಕೆಜೋಳದ ಬೀಜಕ್ಕೆ ಸಾಲುಗಟ್ಟುವ ಕಾಲ ಅದು, ಅಂಗಡಿ ಮುಚ್ಚುವ ಹಾಗಿಲ್ಲ. ನೀರು ನೋಡಲು ಇಷ್ಟು ದೂರ ಹೋಗುವುದು ಅವನಿಗೆ ಅರ್ಥವೂ ಆಗಲಿಲ್ಲ. ಆದರೆ ನಾವು ಹೋಗುವುದಕ್ಕೆ ಬೇಡ ಎನ್ನಲಿಲ್ಲ.

ನಾನು ಕಾರ್ಖಾನೆಯ ಮನುಷ್ಯ. ಯಾವ ಕೆಲಸಕ್ಕೂ ಮೊದಲು ತಕ್ತೆ ಹಾಕುವ ಅಭ್ಯಾಸ. ಹೊರಡುವ ಹೊತ್ತು, ಮುಟ್ಟುವ ಹೊತ್ತು, ಕಿಲೋಮೀಟರು, ಚಹಾಕ್ಕೆ ಹದಿನೈದು ನಿಮಿಷ, ಊಟಕ್ಕೆ ಮುಕ್ಕಾಲು ತಾಸು, ಎಲ್ಲ ಬರೆದು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮಾರ್ಚಿನಲ್ಲಿ ಒಯ್ದು ಕೊಟ್ಟೆ. ದೊಡ್ಡ ಹೈವೇ ಹಿಡಿದು ಮುಂಬಯಿ ದಾಟಿ ದಕ್ಷಿಣಕ್ಕೆ ಹೋಗುವ ದಾರಿ ಹಾಕಿದ್ದೆ. ವೈನಿ ಚಶ್ಮಾ ಹಾಕಿಕೊಂಡು, ಪೇಪರ್ ತಪಾಸುವ ಹಾಗೆ ಒಂದೊಂದೇ ಸಾಲು ಓದಿದರು.

"ಇದರಾಗ ತಾಸು ಅದಾವ, ಕಿಲೋಮೀಟರ ಅದಾವ," ಎಂದರು. "ನೆಲ ಎಲ್ಲದ?"

ಪುಸ್ತಕಗಳಿಗೆ ರಟ್ಟು ಹಾಕುವ ಕಂದು ಕಾಗದ ತೆಗೆದು ನೆಲದ ಮೇಲೆ ಹಾಸಿದರು. ಬಲಗಡೆ ಸಂಭಾಜಿನಗರ, ಅಲ್ಲಿಂದ ಎಡಕ್ಕೆ ಪೀಠಭೂಮಿಯ ಸಪಾಟು ಗೆರೆ, ನಾಸಿಕ, ತ್ರ್ಯಂಬಕೇಶ್ವರದ ಹತ್ತಿರ ಏರಿದ ಘಾಟು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮೋಖಾಡಾ, ಜವ್ಹಾರ, ಕೊನೆಗೆ ಡಹಾಣು, ಸಮುದ್ರ. ನೆಲವನ್ನು ಕಲ್ಲಂಗಡಿಯಂತೆ ಕೊಯ್ದು ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ತೆಗೆದ ಚಿತ್ರ, ಕೈ ಒಮ್ಮೆಯೂ ತಡೆಯಲಿಲ್ಲ. ಹೈವೇ ಬೇಡ ಎಂದರು. ಈ ಗೆರೆಯ ಮೇಲೇ ಹೋಗೋಣ, ಘಾಟು ಇಳಿಯುವುದು ಕಾಲಿಗೆ ಗೊತ್ತಾಗಬೇಕು.

ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಮೇ ತಿಂಗಳ ಹಾಳೆ ತಿರುವಿದರು. ವೈಶಾಖದ ಹುಣ್ಣಿಮೆಯ ದಿನ ಸಮುದ್ರದ ಎದುರಿಗೆ ಇರಬೇಕು. ಅವತ್ತು ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಭರತದ ಹೊತ್ತು ಲೆಕ್ಕ ಮಾಡುವ ರೀತಿಯನ್ನೂ ನನಗೆ ಮತ್ತೆ ಕಲಿಸಿದರು. ಅವತ್ತಿನ ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಬೇಕು. ಹುಣ್ಣಿಮೆ ಅಂದರೆ ಹದಿನೈದು, ಲೆಕ್ಕಕ್ಕೆ ಬಂದದ್ದು ಹನ್ನೊಂದು ಕಾಲು. ಅಷ್ಟರೊಳಗೆ ಡಹಾಣುವಿನಲ್ಲಿರಬೇಕು ಎಂದು ನನ್ನ ತಕ್ತೆಯ ಮೇಲೆ ಕೆಂಪು ಪೆನ್ನಿನಿಂದ ಬರೆದರು.

ನಾಸಿಕಕ್ಕೆ ಹಿಂತಿರುಗಿದ ಮೇಲೆ ಮಗಳು ಮೊಬೈಲಿನಲ್ಲಿ ನೋಡಿ, ಡಹಾಣುವಿನಲ್ಲಿ ಭರತ ಅದಕ್ಕಿಂತ ಒಂದೂವರೆ ತಾಸು ತಡ ಎಂದಳು. ಕಾಕುಗೆ ಹೇಳಬೇಡ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನನಗೆ ಕಲಿಸಿದವರನ್ನು ಮೊಬೈಲು ತಿದ್ದುವುದು ನನಗೆ ಬೇಕಿರಲಿಲ್ಲ.

ಮುಂದಿನ ಎರಡು ತಿಂಗಳು ಪ್ರತಿ ಭಾನುವಾರ ವೈನಿಯ ಫೋನು. ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ ಗಾಡಿ ನಿಲ್ಲಿಸುವಷ್ಟು ಜಾಗ ಇದೆಯೇ. ಜವ್ಹಾರದಲ್ಲಿ ನಾವು ಇಳಿದುಕೊಳ್ಳುವ ಕೋಣೆಯ ಕಿಡಕಿ ಪಶ್ಚಿಮಕ್ಕಿದೆಯೇ. ಒಮ್ಮೆ ನನ್ನ ಹೆಂಡತಿಯನ್ನು ಕೇಳಿದರಂತೆ, ಸಮುದ್ರದ ದಂಡೆಗೆ ಜನ ಕಾಲಿಗೆ ಏನು ಹಾಕಿಕೊಂಡು ಹೋಗುತ್ತಾರೆ ಎಂದು. ಹೆಂಡತಿ ಅದನ್ನು ನನಗೆ ಹೇಳುವಾಗ ನಗಲಿಲ್ಲ. ಮರುದಿನ ತಾನೇ ಪೇಟೆಗೆ ಹೋಗಿ ಅವರ ಅಳತೆಯ ರಬ್ಬರಿನ ಚಪ್ಪಲಿ ತಂದಿಟ್ಟಳು.

ಹೊರಡುವ ಹಿಂದಿನ ಸಂಜೆ ವೈನಿ ಒಬ್ಬರೇ ಬಸ್ಸಿನಲ್ಲಿ ನಾಸಿಕಕ್ಕೆ ಬಂದಿಳಿದರು. ಒಂದು ಕೈಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಚೀಲ, ಇನ್ನೊಂದು ಕೈಯಲ್ಲಿ ಸುರುಳಿ ಮಾಡಿದ ಕಂದು ಕಾಗದ.

ಬೆಳಿಗ್ಗೆ ತ್ರ್ಯಂಬಕೇಶ್ವರದಲ್ಲಿ ದರ್ಶನ ಮುಗಿಸಿ ಜವ್ಹಾರದ ದಾರಿ ಹಿಡಿದೆವು. ಜೀಪುಗಳು, ಲಾಡ್ಜುಗಳು ಹಿಂದೆ ಉಳಿದು ರಸ್ತೆ ಬೆಟ್ಟದ ಪಕ್ಕಕ್ಕೆ ಅಂಟಿಕೊಂಡಿತು. ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಹಿಡಿದು ನಿಂತಿದ್ದರು. ಒಂದು ಏರಿನ ಮೇಲೆ ತಗಡಿನ ಮಾಡಿನ ಚಹಾದಂಗಡಿ ಕಂಡಿತು. ವೈನಿ ಗಾಡಿ ನಿಲ್ಲಿಸಲು ಹೇಳಿ, ಕೆಳಗಿಳಿದು ಸುತ್ತಲಿನ ಬೆಟ್ಟಗಳನ್ನು ನೋಡಿ, ಇಲ್ಲಿ ಬಿದ್ದ ಮಳೆನೀರು ಯಾವ ಕಡೆ ಹೋಗುತ್ತದೆ ಎಂದು ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದರು. ಅವನು ಚಹಾ ಸೋಸುತ್ತಲೇ ಹೇಳಿದ. ಮಾಡಿನ ಈ ಇಳಿಜಾರಿನ ನೀರು ಗೋದಾವರಿಗೆ, ಹಿಂದಿನ ಇಳಿಜಾರಿನದು ವೈತರಣೆಗೆ. ಅವನ ಅಪ್ಪ ಹಾಗೆ ಹೇಳುತ್ತಿದ್ದನಂತೆ.

ಅದು ಖರೇ ಇರಲಿಕ್ಕಿಲ್ಲ ಎಂದು ನನಗನ್ನಿಸಿತು. ವೈನಿ ಮಾತ್ರ ಚಹಾದ ಕಪ್ಪು ಹಿಡಿದು ಅಂಗಡಿಯನ್ನು ಒಂದು ಸುತ್ತು ಹಾಕಿದರು. ಹಿಂದಿನಿಂದ ನೋಡಿದರು, ಮತ್ತೆ ಮುಂದೆ ಬಂದರು. ಗೋದಾವರಿ ಇಲ್ಲಿ ಹುಟ್ಟಿ, ಇಷ್ಟು ಹತ್ತಿರದ ಸಮುದ್ರಕ್ಕೆ ಬೆನ್ನು ಮಾಡಿ, ಇಡೀ ದೇಶ ದಾಟಿ ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ. ವೈತರಣೆ ಎರಡೇ ದಿನದಲ್ಲಿ ಪಶ್ಚಿಮಕ್ಕೆ ಇಳಿದುಬಿಡುತ್ತಾಳೆ. ಇದನ್ನೆಲ್ಲ ಅವರು ನನಗೆ ಎಂದೋ ಕಲಿಸಿದ್ದರು. ಈಗ ತಗಡಿನ ಮಾಡನ್ನು ನೋಡುತ್ತ ಮೆಲ್ಲಗೆ ಎಂದರು, "ಒಂದು ಮಾಡು. ಎರಡು ಸಮುದ್ರ."

ನನ್ನ ತಕ್ತೆಯಲ್ಲಿ ಆ ಚಹಾಕ್ಕೆ ಹದಿನೈದು ನಿಮಿಷವಿತ್ತು. ನಾವು ಅಲ್ಲಿ ಒಂದು ತಾಸು ಕೂತೆವು. ಹೊರಡುವಾಗ ತಕ್ತೆಯನ್ನು ಮಡಚಿ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಹಾಕಿದೆ, ಮತ್ತೆ ತೆಗೆಯಲಿಲ್ಲ.

ರಾತ್ರಿ ಜವ್ಹಾರದಲ್ಲಿ ತಂಗಿ, ಮರುದಿನ ಹುಣ್ಣಿಮೆಯ ಬೆಳಿಗ್ಗೆ ಇಳಿಯತೊಡಗಿದೆವು. ವೈನಿ ತೊಡೆಯ ಮೇಲೆ ಕಂದು ಕಾಗದ ಬಿಚ್ಚಿಟ್ಟುಕೊಂಡಿದ್ದರು. ಪ್ರತಿ ಇಳುಕಲಿಗೂ ಬೆರಳು ಒಂದು ಮೆಟ್ಟಿಲು ಕೆಳಗೆ ಸರಿಯುತ್ತಿತ್ತು. ಸಾಗುವಾನಿ ಗಿಡಗಳು ಒಣಗಿ ನಿಂತಿದ್ದವು. ಆದಿವಾಸಿಗಳ ಮನೆಗಳ ಮಣ್ಣಿನ ಗೋಡೆಗಳ ಮೇಲೆ ಬಿಳಿ ಗೆರೆಯ ಮನುಷ್ಯರು ಕೈ ಹಿಡಿದು ಕುಣಿಯುತ್ತಿದ್ದರು. ವೈನಿ ಮೂರು ಕಡೆ ಗಾಡಿ ನಿಲ್ಲಿಸಿ ಮಣ್ಣು ಮುಟ್ಟಿ ನೋಡಿದರು. ಕಾಸಾ ದಾಟುವಾಗ ಕಿಡಕಿಯ ಗಾಜು ಇಳಿಸಿ ಕೈ ಹೊರಗೆ ಚಾಚಿದರು. ಗಾಳಿ ಹಸಿಯಾಗಿತ್ತು. ನಮ್ಮ ಕಡೆಯ ಬೇಸಿಗೆಗೆ ಹಸಿ ಗಾಳಿ ಗೊತ್ತಿಲ್ಲ. ಅವರು ತಮ್ಮ ಅಂಗೈ ನೋಡಿಕೊಂಡರು, ಅದರಲ್ಲಿ ಏನೋ ಬರೆದಿದೆ ಅನ್ನುವ ಹಾಗೆ.

ಹೀಗೆ ನಿಲ್ಲುತ್ತ ನಿಲ್ಲುತ್ತ ಡಹಾಣು ಮುಟ್ಟಿದಾಗ ಹನ್ನೆರಡು ಹೊಡೆದುಹೋಗಿತ್ತು. ಭರತ ತಪ್ಪಿತು ಎಂದರು ವೈನಿ. ಕನ್ನಡಿಯಲ್ಲಿ ಮಗಳು ನನ್ನ ಕಡೆ ನೋಡಿದಳು. ನಾನು ರಸ್ತೆ ನೋಡುತ್ತಿದ್ದೆ. ಚಿಕ್ಕು ತೋಟಗಳ ನಡುವಿನ ಸಣ್ಣ ದಾರಿ ಮುಗಿದು, ಎತ್ತರದ ಸರ್ವೆ ಮರಗಳ ಸಾಲು ಬಂತು. ಅದರ ಆಚೆ ಸಮುದ್ರ. ನೀರು ಮರದ ಬೇರಿನ ತನಕ ಬಂದು ಹೊಡೆಯುತ್ತಿತ್ತು.

ವೈನಿ ಇಳಿದು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತರು. ಹೆಂಡತಿ ರಬ್ಬರಿನ ಚಪ್ಪಲಿ ತೆಗೆದು ಕಾಲ ಹತ್ತಿರ ಇಟ್ಟಳು, ಅವರು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ಸಪ್ಪಳ ಇರತದಂತ ಯಾ ಪುಸ್ತಕದಾಗೂ ಬರ್ದಿರಲಿಲ್ಲಲ್ಲೋ."

ಇನ್ನೊಂದು ಮಾತನ್ನೂ ಹೇಳಿದರು. ನಕಾಶೆಯಲ್ಲಿ ಸಮುದ್ರಕ್ಕೆ ನೀಲಿ ಬಣ್ಣ ಹಾಕದ ಹುಡುಗರಿಗೆ ಅವರು ಅರ್ಧ ಮಾರ್ಕು ಕಡಿಯುತ್ತಿದ್ದರಂತೆ. ಎದುರಿಗಿದ್ದ ನೀರು ಒಲೆಯ ಬೂದಿಯನ್ನು ಮಣ್ಣಿನೊಂದಿಗೆ ಕಲಸಿದ ಬಣ್ಣದ್ದು. ಎಷ್ಟು ಹುಡುಗರ ಮಾರ್ಕು ಕಡಿದೆನೋ ಎಂದು ತಮ್ಮಷ್ಟಕ್ಕೇ ನಕ್ಕರು.

ನಾವು ಮರಗಳ ನೆರಳಿನಲ್ಲಿ ಚಾದರ ಹಾಸಿ ರೊಟ್ಟಿ ಬಿಚ್ಚಿದೆವು. ಸ್ವಲ್ಪ ದೂರದಲ್ಲಿ ಬೊಂಬಿನ ಮೇಲೆ ಮೀನು ಒಣಹಾಕಿದ್ದ ಒಬ್ಬ ಕೋಳಿ ಹೆಂಗಸು, ಅಂದರೆ ಅಲ್ಲಿನ ಮೀನುಗಾರರ ಪೈಕಿಯವರು, ಬಿಸಿಲು ತಾಳದೆ ನಮ್ಮ ನೆರಳಿಗೆ ಬಂದು ಕೂತರು. ವೈನಿಗಿಂತ ನಾಲ್ಕಾರು ವರ್ಷ ಹಿರಿಯರು. ವೈನಿ ಘಳಿಗೆಗೊಮ್ಮೆ ಗಡಿಯಾರ ನೋಡುವುದನ್ನು ಕಂಡು ಯಾಕೆಂದು ವಿಚಾರಿಸಿದರು. ವೈನಿ ತಮ್ಮ ಲೆಕ್ಕ ಹೇಳಿ, ಹನ್ನೊಂದು ಕಾಲಿಗೇ ನೀರು ತಿರುಗಬೇಕಿತ್ತು, ಇನ್ನೂ ಏರುತ್ತಲೇ ಇದೆಯಲ್ಲ ಎಂದರು.

ಆ ಹೆಂಗಸು ಲೆಕ್ಕ ಕೇಳಿ ಹೌದೆಂದು ತಲೆಯಾಡಿಸಿದರು. ತಿಥಿಯ ಮುಕ್ಕಾಲು ಪಾಲು, ಅದು ಸರಿಯೇ. ಆದರೆ ಅದು ಮುಂಬಯಿಯ ಲೆಕ್ಕ. ಇಲ್ಲಿಗೆ ಒಂದೂವರೆ ತಾಸು ಸೇರಿಸಬೇಕು, ತನ್ನ ಅತ್ತೆ ತಾನು ಮದುವೆಯಾಗಿ ಬಂದ ವರ್ಷವೇ ಕಲಿಸಿದ್ದರು ಎಂದರು.

ವೈನಿ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟರು. ತಾನು ಪುಸ್ತಕದಿಂದ ತೆಗೆದು ಸಾವಿರ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದನ್ನು ಈಕೆಗೆ ಅತ್ತೆ ಹೇಳಿಕೊಟ್ಟಿದ್ದಾಳೆ, ಅದೂ ಇನ್ನಷ್ಟು ಸರಿಯಾಗಿ. ಆಗ ಮಗಳು ತಡೆಯಲಾರದೆ ಮೊಬೈಲಿನ ಸಂಗತಿ ಒಪ್ಪಿಕೊಂಡಳು, ಬಾಬಾ ಹೇಳಬೇಡ ಅಂದಿದ್ದರು ಎಂದು ನನ್ನನ್ನೂ ಸಿಕ್ಕಿಸಿದಳು. ವೈನಿ ನನ್ನನ್ನು ಒಂಬತ್ತನೇ ಇಯತ್ತೆಯ ಹುಡುಗನನ್ನು ನೋಡಿದ ಹಾಗೆ ನೋಡಿದರು. ಉತ್ತರ ಗೊತ್ತಿದ್ದೂ ಕೈ ಎತ್ತದವರು ಅವರಿಗೆ ಎಂದೂ ಸೇರುತ್ತಿರಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ, ಕೋಳಿ ಹೆಂಗಸು ಹೇಳಿದ ಹೊತ್ತಿಗೆ ಸರಿಯಾಗಿ, ನೀರು ನಿಂತಿತು. ವೈನಿ ಸರ್ವೆಯ ಒಣ ಟೊಂಗೆ ಮುರಿದು ನೀರಿನ ಅಂಚಿಗೆ ಹುಗಿದರು. ಅರ್ಧ ತಾಸಿಗೆ ಇನ್ನೊಂದು. ಅದಕ್ಕೂ ಇದಕ್ಕೂ ನಡುವೆ ಹತ್ತು ಹೆಜ್ಜೆ. ಮುಂದಿನದಕ್ಕೆ ಮೂವತ್ತು. ಆಮೇಲೆ ಸಮುದ್ರ ಎದ್ದು ನಡೆಯತೊಡಗಿದ ಹಾಗಾಯಿತು. ಪ್ರತಿ ಅರ್ಧ ತಾಸಿಗೆ ನಾವು ಟೊಂಗೆ ಹಿಡಿದು ಅದರ ಹಿಂದೆ ಹೋಗುವುದು, ಅದು ಮತ್ತೂ ದೂರ ಸರಿಯುವುದು. ಈಗಷ್ಟೇ ತೇಲುತ್ತಿದ್ದ ದೋಣಿಗಳು ಮಗ್ಗುಲಾಗಿ ಉಸುಕಿನ ಮೇಲೆ ಮಲಗಿದವು. ನೀರಿನೊಳಗಿದ್ದ ಬಂಡೆಗಳು ಮೈ ತೋರಿದವು. ಸಣ್ಣ ಏಡಿಗಳು ತೂತಿನಿಂದ ಬಂದು ಉಸುಕಿನ ಗುಂಡುಗಳನ್ನು ಉರುಳಿಸಿಟ್ಟು ಒಳಗೆ ಹೋದವು. ಹೆಂಡತಿ, ಮಗಳು ಮೊದಲ ಎರಡು ತಾಸು ನೆರಳಿನಲ್ಲಿದ್ದವರು, ನಾಲ್ಕರ ಹೊತ್ತಿಗೆ ತಾವೂ ಟೊಂಗೆ ಮುರಿದುಕೊಂಡು ಬಂದರು.

ಬಿಸಿಲಿಳಿದ ಮೇಲೆ ನಾನು ಮೊದಲ ಟೊಂಗೆಯಿಂದ ಹೆಜ್ಜೆ ಎಣಿಸುತ್ತ ಹೊರಟೆ. ಎಂಟುನೂರು ದಾಟಿದರೂ ನೀರು ಸಿಗಲಿಲ್ಲ. ಹಿಂತಿರುಗಿ ನೋಡಿದರೆ ನಮ್ಮ ಕಾರು ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಮಧ್ಯಾಹ್ನ ನನ್ನ ತಲೆಯ ಮೇಲೆ ನೀರಿದ್ದ ಜಾಗದಲ್ಲಿ ನಾನು ಬೂಟು ಹಾಕಿಕೊಂಡು ನಿಂತಿದ್ದೆ. ಕಾರ್ಖಾನೆಯಲ್ಲಿ ನಾವು ಕೂದಲೆಳೆಯ ಅಂತರ ಅಳೆಯುವವರು. ಇಷ್ಟು ನೀರನ್ನು ಇಷ್ಟು ದೂರ, ಒಂದು ಯಂತ್ರವಿಲ್ಲದೆ, ದಿನಕ್ಕೆ ಎರಡು ಸಲ ಎಳೆದು ಮತ್ತೆ ತಂದಿಡುವ ಕೆಲಸ ನನ್ನ ಬುದ್ಧಿಗೆ ಹಿಡಿಯಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ನಾವು ನಾಲ್ವರೂ ಕೊನೆಯ ಟೊಂಗೆಯ ಹತ್ತಿರ ಇದ್ದೆವು. ಕೆಂಪು ಸೂರ್ಯ ನೀರಿನ ಮೇಲೆ ಕೂತಿದ್ದ. ಮಗಳು ಫೋಟೋ ತೆಗೆಯಲು ಹಿಂದೆ ಹಿಂದೆ ಸರಿದವಳು ಮೊಬೈಲು ಇಳಿಸಿ, ಪೂರ್ವಕ್ಕೆ ಬೊಟ್ಟು ಮಾಡಿ ಕರೆದಳು. ನಾವು ಇಳಿದು ಬಂದ ಬೆಟ್ಟಗಳ ಕಡೆ, ಸರ್ವೆ ಮರಗಳ ತಲೆಯ ಮೇಲೆ, ಹುಣ್ಣಿಮೆಯ ಚಂದ್ರ ಎದ್ದಿದ್ದ. ಅಷ್ಟೇ ದೊಡ್ಡವನು, ಅಷ್ಟೇ ಗುಂಡಗೆ.

ವೈನಿ ಪಶ್ಚಿಮಕ್ಕೊಂದು ಕೈ, ಪೂರ್ವಕ್ಕೊಂದು ಕೈ ಚಾಚಿದರು. ತರಗತಿಯಲ್ಲಿ ನಿಂತ ದನಿಯಲ್ಲೇ ಶುರು ಮಾಡಿದರು.

"ನೋಡ್ರಿ, ಈಗ ಮೂರೂ ಒಂದೇ ಗೆರಿಮ್ಯಾಲ ಅದಾವ. ಅಲ್ಲಿ ಸೂರ್ಯ, ಅಲ್ಲಿ ಚಂದ್ರ. ನಡುವ..."

ಚಾಚಿದ ಕೈಗಳನ್ನು ಇಳಿಸುವುದನ್ನೂ ಮರೆತು ನಿಂತರು. ಆ ಕೈಗಳ ನಡುವೆ ಬರುವ ಹೆಸರು ನಮಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಭೂಮಿ ಗುಂಡಗಿದೆ ಅನ್ನುವುದನ್ನು ನಾನು ಹುಡುಗನಿದ್ದಾಗಲೇ ಕಲಿತವನು. ಅದರ ಮೇಲೆ ನಿಂತಿದ್ದೇನೆ ಎಂದು ನನಗೆ ಅನ್ನಿಸಿದ್ದು ಆ ಸಂಜೆ. ಕಾಲ ಬೆರಳುಗಳಿಂದ ಉಸುಕನ್ನು ಹಿಡಿದುಕೊಂಡಿದ್ದೆ, ಬೂಟು ಯಾವಾಗ ಬಿಚ್ಚಿದೆನೋ ನೆನಪಿಲ್ಲ.

ಆಗ ಸಣ್ಣದೊಂದು ನೀರಿನ ನಾಲಿಗೆ ಬಂದು ಕೊನೆಯ ಟೊಂಗೆಯನ್ನು ಮುಟ್ಟಿ ಹೋಯಿತು. ಮತ್ತೊಂದು ಬಂತು, ಅದು ಟೊಂಗೆಯನ್ನು ದಾಟಿತು.

"ಬಂತು," ಎಂದರು ವೈನಿ. ಅವರ ಕಣ್ಣಲ್ಲಿ ನೀರಿತ್ತು. "ಖರೇನ ಬಂತು. ನಾ ಹೇಳಿದ್ದೆಲ್ಲ ಖರೇನ ಇತ್ತು."

ಮೂವತ್ತು ವರ್ಷ ಹೇಳಿದ್ದು. ನನ್ನ ಮಗಳು ಹೋಗಿ ಅವರ ತೋಳು ಹಿಡಿದುಕೊಂಡಳು, ಮತ್ತು ಕನ್ನಡದಲ್ಲಿ, ತಡೆದು ತಡೆದು, ಕಾಕು, ಹಿಂದ ನಡೀರಿ, ನೀರು ಭಾಳ ಬರ್ತದ ಎಂದಳು. ನಾವು ಸಮುದ್ರಕ್ಕೆ ಮುಖ ಮಾಡಿಕೊಂಡೇ ಒಂದೊಂದು ಟೊಂಗೆ ಹಿಂದೆ ಸರಿಯುತ್ತ ದಂಡೆಗೆ ಬಂದೆವು.

ಉಳಿದ ಎರಡು ದಿನ ಚಿಕ್ಕು ತೋಟ, ಬೋರ್ಡಿಯ ದಂಡೆ, ತಾಳೆಮರಗಳ ಊರುಗಳು ನೋಡಿದೆವು. ವಾಪಸು ನಾಸಿಕದಲ್ಲಿ ಹೆಂಡತಿ ಮಗಳನ್ನು ಬಿಟ್ಟು, ಅವರನ್ನು ಬಸ್ಸಿಗೆ ಹಾಕಲು ಮನಸ್ಸಾಗದೆ, ನಾನೇ ಸಂಭಾಜಿನಗರಕ್ಕೆ ಕರೆದೊಯ್ದೆ.

ನೇರವಾಗಿ ಅಂಗಡಿಗೇ ಹೋದೆವು. ಅಣ್ಣ ಬೀಜದ ಚೀಲಗಳ ನಡುವೆ ಕೂತಿದ್ದ. ವೈನಿ ಹೇಳಿದ್ದನ್ನೆಲ್ಲ ಕೇಳಿ, ಎಷ್ಟು ದೂರ ಹಿಂದ ಹೋಗಿತ್ತು ನೀರು ಎಂದು ನನ್ನನ್ನು ಕೇಳಿದ. ಎಂಟುನೂರು ಹೆಜ್ಜೆಗೂ ಮೇಲೆ ಎಂದೆ. ಅವನು ನಂಬಲಿಲ್ಲ. ಹೆಜ್ಜೆ ಹಾಕಿ ತೋರಿಸು ಅಂದ. ಗಿರಾಕಿಗಳು ಕಡಿಮೆಯಿದ್ದ ಮಧ್ಯಾಹ್ನ, ಕೆಲಸದವರಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಬಂದ. ವೈನಿಯೂ ನಮ್ಮ ಜೊತೆ ಹೊರಟರು.

ಅಂಗಡಿಯ ಹೊಸ್ತಿಲಿನಿಂದ ನಾನು ಎಣಿಸತೊಡಗಿದೆ. ಎಣ್ಣೆಯ ಅಂಗಡಿ, ಹಮಾಲರ ಕಟ್ಟೆ, ತೂಕದ ಕಾಟಾ ದಾಟಿದೆವು. ಮಾರ್ಕೆಟ್ಟಿನ ಕಮಾನು ದಾಟಿದೆವು. ಅಣ್ಣ ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದ, ಮುನ್ನೂರಕ್ಕೊಮ್ಮೆ, ಐನೂರಕ್ಕೊಮ್ಮೆ ನಿಂತು ಹಿಂದೆ ನೋಡುತ್ತಿದ್ದ. ಎಂಟುನೂರು ಮುಗಿದಾಗ ದೊಡ್ಡ ರಸ್ತೆಯ ಚೌಕಿನಲ್ಲಿದ್ದೆವು. ಅಂಗಡಿ ಕಾಣುತ್ತಲೇ ಇರಲಿಲ್ಲ.

"ಇಲ್ಲೀತನ?" ಎಂದು ಕೇಳಿದ ಅಣ್ಣ.

ವೈನಿ ನಿಲ್ಲಲಿಲ್ಲ. ಇನ್ನೂ ಮುಂದ, ಎಂದು ರಸ್ತೆ ದಾಟಿ ನಡೆದರು. ಅಣ್ಣ ಒಂದು ಸಲ ಅಂಗಡಿಯ ದಿಕ್ಕಿಗೆ ನೋಡಿ, ಅವರ ಹಿಂದೆ ಹೋದ.